ಪ್ಲೇಮೇಕರ್ ಒಳಗೆ ಬಂದ ಮೇಲೆ ಅಂಚಿನಲ್ಲಿ ಉಳಿಯುವವರು ಯಾರು?

ಪ್ರಶ್ನೆ: ಒಂದು ಫುಟ್‌ಬಾಲ್ ತಂಡವನ್ನು ನಡೆಸುವ ಕಂಪ್ಯೂಟರ್ ಆಟವಾದ ಫುಟ್‌ಬಾಲ್ ಮ್ಯಾನೇಜರ್ 2024 ಅನ್ನು ನಾನು ಆಡುತ್ತಿದ್ದೇನೆ. ನನ್ನ ತಂಡದ ಅತ್ಯಂತ ಪ್ರತಿಭಾವಂತ ಆಟಗಾರ ಮೂಲತಃ ನಡುವಿನ ಅಟ್ಯಾಕಿಂಗ್ ಮಿಡ್‌ಫೀಲ್ಡರ್. ಬಲಗಾಲಿನವನು. 20ಕ್ಕೆ ವಿಷನ್ 17, ಪಾಸಿಂಗ್ 16, ಫ್ಲೇರ್ (ಚಮತ್ಕಾರದ ಆಟ) 16 ಇದೆ; ವೇಗ ಮಾತ್ರ 10. ನಡುವಿನ ಜಾಗಕ್ಕೆ ಇನ್ನೊಬ್ಬ ಒಳ್ಳೆಯ ಆಟಗಾರ ಇರುವುದರಿಂದ 4-2-3-1 ವ್ಯೂಹದಲ್ಲಿ (ಹಿಂದಿನಿಂದ ಮುಂದಕ್ಕೆ ನಾಲ್ವರು, ಇಬ್ಬರು, ಮೂವರು, ಒಬ್ಬ) ಇವನನ್ನು ಎಡ ಅಂಚಿಗೆ ಹಾಕಿ ಅಡ್ವಾನ್ಸ್ಡ್ ಪ್ಲೇಮೇಕರ್ (ಪಾಸ್‌ಗಳಿಂದ ಆಟ ಕಟ್ಟುವವನು) ಮಾಡಿದ್ದೇನೆ. ವೈಡ್ ಪ್ಲೇಮೇಕರ್ ಎಂಬ ಪಾತ್ರ ಅಲ್ಲಿ ಕಾಣಿಸುವುದೇ ಇಲ್ಲ. ನಡುವೆ ಇನ್ನೊಬ್ಬ ಅಡ್ವಾನ್ಸ್ಡ್ ಪ್ಲೇಮೇಕರ್, ಹಿಂದೆ ಎಡಗಡೆ ಡೀಪ್ ಲೈಯಿಂಗ್ ಪ್ಲೇಮೇಕರ್, ಅವನ ಪಕ್ಕದಲ್ಲಿ ಬಾಲ್ ವಿನ್ನಿಂಗ್ ಮಿಡ್‌ಫೀಲ್ಡರ್, ಮುಂದೆ ಫಾಲ್ಸ್ ನೈನ್ (ಹಿಂದಕ್ಕೆ ಇಳಿದು ಆಡುವ ಸ್ಟ್ರೈಕರ್), ಎಡ ಹಿಂಬದಿಯಲ್ಲಿ ಇನ್ವರ್ಟೆಡ್ ವಿಂಗ್‌ಬ್ಯಾಕ್, ಬಲಗಡೆ ಇನ್‌ಸೈಡ್ ಫಾರ್ವರ್ಡ್. ಚೆಂಡು ಸದಾ ನಮ್ಮ ಬಳಿಯೇ ಇರುತ್ತದೆ, ಗೋಲು ಬರುವುದಿಲ್ಲ. ಬಿಟ್ಟುಕೊಡುವ ಗೋಲುಗಳು ಮಾತ್ರ ಎಡಗಡೆಯಿಂದಲೇ. ಅವನ ಸರಾಸರಿ ರೇಟಿಂಗ್ 10ಕ್ಕೆ 6.6 ದಾಟುತ್ತಿಲ್ಲ. ಮಾರಿಬಿಡಲೇ?

ಉತ್ತರ: ಮಾರಬೇಡಿ. ಇಂಥ ಆಟಗಾರ ಕೈಗೆ ಸಿಗುವುದೇ ಅಪರೂಪ. ನೀವು ಬರೆದಿರುವುದರಲ್ಲಿ ತಪ್ಪು ಅವನದೆಂದು ತೋರಿಸುವ ಒಂದೇ ಒಂದು ಸಂಗತಿಯೂ ನನಗೆ ಕಾಣಲಿಲ್ಲ.

ನಿಮ್ಮ ವ್ಯೂಹವನ್ನು ಹಾಳೆಯ ಮೇಲೆ ಬರೆದುಕೊಂಡು, ಚೆಂಡು ನಿಮ್ಮ ತಂಡದ ಬಳಿ ಇರುವಾಗ ಪ್ರತಿಯೊಬ್ಬನೂ ಯಾವ ಕಡೆಗೆ ಸರಿಯುತ್ತಾನೆ ಎಂದು ಬಾಣ ಹಾಕುತ್ತಾ ಹೋದೆ. ಎಡ ಅಂಚಿನ ಪ್ಲೇಮೇಕರ್ ನಡುವಿಗೆ ಬರುತ್ತಾನೆ. ಅವನ ಹಿಂದಿರುವ ಇನ್ವರ್ಟೆಡ್ ವಿಂಗ್‌ಬ್ಯಾಕ್ ಕೂಡ ನಡುವಿಗೆ ಬರುತ್ತಾನೆ. ಫಾಲ್ಸ್ ನೈನ್ ಹಿಂದಕ್ಕೆ ಇಳಿಯುತ್ತಾನೆ, ಅಂದರೆ ಅವನೂ ನಡುವಿಗೇ. ಇನ್ನೊಬ್ಬ ಪ್ಲೇಮೇಕರ್ ಮೊದಲಿನಿಂದಲೂ ಅಲ್ಲೇ ಇದ್ದಾನೆ. ಬಲಗಡೆಯ ಇನ್‌ಸೈಡ್ ಫಾರ್ವರ್ಡ್ ಸಹ ಒಳಕ್ಕೇ ಬರುವವನು. ಆದರೆ ಗೋಲಿನತ್ತ ಓಡುವ ಕೆಲಸ ಇರುವುದು ಅವನೊಬ್ಬನಿಗೆ. ಐದು ಬಾಣಗಳು ಒಂದೇ ಚೌಕದಲ್ಲಿ ಬಂದು ಮುಟ್ಟಿದವು, ಎಡ ಗೆರೆಯ ಉದ್ದಕ್ಕೂ ಹಾಳೆ ಖಾಲಿ ಉಳಿಯಿತು. ಎದುರಾಳಿಯ ನಾಲ್ವರು ಡಿಫೆಂಡರ್‌ಗಳು ಒಂದು ಹೆಜ್ಜೆಯೂ ಅಗಲಕ್ಕೆ ಸರಿಯಬೇಕಾಗಿಲ್ಲ, ಬೆನ್ನ ಹಿಂದೆ ತಿರುಗಿ ನೋಡಬೇಕಾಗಿಯೂ ಇಲ್ಲ. ಕಣ್ಣೆದುರು ನಡೆಯುವ ಸಣ್ಣ ಸಣ್ಣ ಪಾಸ್‌ಗಳನ್ನು ನೋಡುತ್ತಾ ನಿಂತರೆ ಅವರಿಗೆ ಸಾಕು. ನಿಮ್ಮ ಹುಡುಗನ ವಿಷನ್ 17 ಇರಬಹುದು. ನೋಡಲು ಅಲ್ಲಿ ಏನಾದರೂ ಇರಬೇಕಲ್ಲ?

ಅಂಚಿನ ಪ್ಲೇಮೇಕರ್‌ನನ್ನು ಆಡಿಸಬೇಕೆಂದರೆ ಅವನ ಗುಣಾಂಕಗಳನ್ನು ನೋಡುವ ಮೊದಲೇ ಅವನ ಸುತ್ತಲಿನ ಮೂವರ ಕೆಲಸವನ್ನು ಗೊತ್ತುಮಾಡಬೇಕು. ಅವನು ಬಿಟ್ಟುಬಂದ ಅಂಚನ್ನು ಹಿಡಿದು ಏರುವವನೊಬ್ಬ, ಅವನ ಪಾಸ್‌ಗಾಗಿ ಡಿಫೆಂಡರ್‌ಗಳ ಹಿಂದಕ್ಕೆ ಓಡುವವನೊಬ್ಬ, ಇಬ್ಬರೂ ಹೋದ ಮೇಲೆ ಹಿಂದೆ ಉಳಿದು ಬಯಲನ್ನು ಕಾಯುವವನೊಬ್ಬ. ಈ ಮೂವರಲ್ಲಿ ಒಬ್ಬ ತಪ್ಪಿದರೂ ಈ ಪಾತ್ರ ಕೆಡುತ್ತದೆ. ನಿಮ್ಮಲ್ಲಿ ಮೊದಲನೆಯವನು ಇಲ್ಲವೇ ಇಲ್ಲ. ಎರಡನೆಯವನು ದೂರದಲ್ಲಿ ಒಬ್ಬನೇ ಇದ್ದಾನೆ. ಮೂರನೆಯವನ ಜಾಗದಲ್ಲಿ ಒಬ್ಬ ಪ್ಲೇಮೇಕರ್ ನಿಂತಿದ್ದಾನೆ.

ನಿಜವಾದ ಮೈದಾನದಲ್ಲಿ ಇದು ಹೇಗೆ ನಡೆಯಿತು ಎಂಬುದಕ್ಕೆ 2012ರ ಯೂರೊ ಕಪ್ ಫೈನಲ್‌ಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಕೀವ್‌ನಲ್ಲಿ ಸ್ಪೇನ್ ಇಟಲಿಯನ್ನು 4-0ರಿಂದ ಸೋಲಿಸಿದ ಪಂದ್ಯ ಅದು. ಎಡ ಅಂಚಿನಲ್ಲಿ ಆಂಡ್ರೆಸ್ ಇನಿಯೆಸ್ತಾ, ಬಲ ಅಂಚಿನಲ್ಲಿ ಡೇವಿಡ್ ಸಿಲ್ವಾ. ಇಬ್ಬರೂ ಹುಟ್ಟು ಪ್ಲೇಮೇಕರ್‌ಗಳು, ಇಬ್ಬರೂ ಒಳಗೆ ಬರುವವರು. ಮುಂದೆ ಸ್ಟ್ರೈಕರ್‌ನ ಜಾಗದಲ್ಲಿದ್ದ ಸೆಸ್ಕ್ ಫ್ಯಾಬ್ರೆಗಾಸ್ ಕೂಡ ಮೂಲತಃ ಮಿಡ್‌ಫೀಲ್ಡರ್. ಕಾಗದದ ಮೇಲೆ ಇದು ನಿಮ್ಮ ತಂಡದಷ್ಟೇ ಕಿಕ್ಕಿರಿದ ವ್ಯೂಹ. ಆದರೆ 14ನೇ ನಿಮಿಷದ ಮೊದಲ ಗೋಲನ್ನು ನೆನಪಿಸಿಕೊಳ್ಳಿ. ಇನಿಯೆಸ್ತಾ ಒಳಗೆ ಬಂದು ಚೆಂಡು ಹಿಡಿದಾಗ ಫ್ಯಾಬ್ರೆಗಾಸ್ ಅವನ ಹತ್ತಿರ ಬರಲಿಲ್ಲ. ಡಿಫೆಂಡರ್‌ನ ಹಿಂದಕ್ಕೆ, ಗೋಲ್ ಗೆರೆಯ ಕಡೆಗೆ ಓಡಿದ. ಪಾಸ್ ಅಲ್ಲಿಗೆ ಹೋಯಿತು, ಅಲ್ಲಿಂದ ಚೆಂಡು ಹಿಂದಕ್ಕೆ ಬಂತು, ಸಿಲ್ವಾ ತಲೆಯಿಂದ ಗೋಲಿಗೆ ತಳ್ಳಿದ. ಒಬ್ಬ ಪ್ಲೇಮೇಕರ್ ಕೊಟ್ಟ, ಒಬ್ಬ ಓಡಿದ, ಇನ್ನೊಂದು ಅಂಚಿನ ಪ್ಲೇಮೇಕರ್ ಗೋಲಿನ ಮುಂದೆ ಬಂದು ಮುಗಿಸಿದ.

ಎರಡನೆಯ ಗೋಲು ನಿಮಗೆ ಇನ್ನೂ ಹೆಚ್ಚು ಹೇಳುತ್ತದೆ. 41ನೇ ನಿಮಿಷದಲ್ಲಿ ಗೋಲು ಹೊಡೆದವನು ಲೆಫ್ಟ್‌ಬ್ಯಾಕ್ ಜೋರ್ಡಿ ಆಲ್ಬಾ. ಚೆಂಡನ್ನು ಮಿಡ್‌ಫೀಲ್ಡರ್ ಚಾವಿಗೆ ಕೊಟ್ಟು, ನಿಲ್ಲದೆ ಇಟಲಿಯ ಡಿಫೆಂಡರ್‌ಗಳನ್ನು ದಾಟಿ ಓಡಿ, ಚಾವಿಯ ಪಾಸ್ ಅನ್ನು ಗೋಲಾಗಿಸಿದ. ಇನಿಯೆಸ್ತಾ ಎಡ ಗೆರೆಗೆ ಅಂಟಿಕೊಂಡು ಆಡುವ ವಿಂಗರ್ ಆಗಿದ್ದರೆ ಆಲ್ಬಾನಿಗೆ ಅಂಥ ಉದ್ದದ ಓಟಕ್ಕೆ ದಾರಿಯೇ ಇರುತ್ತಿರಲಿಲ್ಲ. ಇನಿಯೆಸ್ತಾ ಖಾಲಿ ಮಾಡಿದ ಬದಿಯೇ ಆಲ್ಬಾನ ಓಟದ ದಾರಿ. ಆ ಟೂರ್ನಿಯ ಶ್ರೇಷ್ಠ ಆಟಗಾರನೆಂದು ಇನಿಯೆಸ್ತಾನನ್ನು ಆರಿಸಿದರು. ಅವನು ಇಡೀ ಟೂರ್ನಿಯಲ್ಲಿ ಒಂದು ಗೋಲನ್ನೂ ಹೊಡೆದಿರಲಿಲ್ಲ. ರೇಟಿಂಗ್ ಬಗ್ಗೆ ಕೊರಗುವಾಗ ಇದು ನಿಮ್ಮ ಮನಸ್ಸಿನಲ್ಲಿರಲಿ; ಆ ವಿಷಯಕ್ಕೆ ಮತ್ತೆ ಬರುತ್ತೇನೆ.

ಈಗ ನಿಮ್ಮ ಮೊದಲ ಗೊಂದಲ: ವೈಡ್ ಪ್ಲೇಮೇಕರ್ ಪಾತ್ರ ಎಲ್ಲಿ ಹೋಯಿತು? ನೀವು ಆಡುತ್ತಿರುವ ಆವೃತ್ತಿಯಲ್ಲಿ ಆ ಪಾತ್ರ ಸಿಗುವುದು ಎಡ ಮತ್ತು ಬಲ ಮಿಡ್‌ಫೀಲ್ಡ್ ಜಾಗಗಳಲ್ಲಿ ಮಾತ್ರ. ಒಂದು ಸಾಲು ಮುಂದೆ, ಅಟ್ಯಾಕಿಂಗ್ ಮಿಡ್‌ಫೀಲ್ಡ್ ಅಂಚಿನಲ್ಲಿ, ಅದಕ್ಕೆ ಹತ್ತಿರವಾದದ್ದು ಅಡ್ವಾನ್ಸ್ಡ್ ಪ್ಲೇಮೇಕರ್. ಪೂರ್ತಿ ಸ್ವಾತಂತ್ರ್ಯ ಬೇಕೆಂದರೆ ಟ್ರೆಕ್ವಾರ್ಟಿಸ್ಟಾ. ಹೆಸರು ಬೇರೆಯಾದರೂ ಚೆಂಡು ಕಾಲಲ್ಲಿರುವಾಗ ಇವರು ಮಾಡುವ ಕೆಲಸ ಬಹುಪಾಲು ಒಂದೇ. ಚೆಂಡು ಎದುರಾಳಿಯ ಬಳಿ ಇರುವಾಗ ಮಾತ್ರ ವ್ಯತ್ಯಾಸ ದೊಡ್ಡದು. ಈ ಆವೃತ್ತಿಯಲ್ಲಿ ನೀವು ಪರದೆಯ ಮೇಲೆ ಜೋಡಿಸುವ ವ್ಯೂಹವೆಂದರೆ ತಂಡ ರಕ್ಷಣೆಗೆ ನಿಲ್ಲುವ ಆಕಾರ. ಆಕ್ರಮಣದ ಆಕಾರ ಹುಟ್ಟುವುದು ಪಾತ್ರ ಮತ್ತು ಡ್ಯೂಟಿಗಳಿಂದ (ಆ ಪಾತ್ರದಲ್ಲಿ ಎಷ್ಟು ಮುಂದೆ ನುಗ್ಗಬೇಕು ಎಂಬ ಆಯ್ಕೆ: ಡಿಫೆಂಡ್, ಸಪೋರ್ಟ್, ಅಟ್ಯಾಕ್). ಮುಂದಿನ ಸಾಲಿನಲ್ಲಿ ನಿಲ್ಲಿಸಿದ ಆಟಗಾರ ರಕ್ಷಣೆಯ ಹೊತ್ತಿನಲ್ಲೂ ಮುಂದೆಯೇ ಇರುತ್ತಾನೆ. ನಿಮ್ಮ ಎಡಗಡೆಯಲ್ಲಿ ಆಗುತ್ತಿರುವುದು ಇದೇ. ಪ್ಲೇಮೇಕರ್ ಮುಂದೆ ಮತ್ತು ಒಳಗೆ, ವಿಂಗ್‌ಬ್ಯಾಕ್ ಒಳಗೆ. ಚೆಂಡು ಕಳೆದುಕೊಂಡ ಕ್ಷಣದಲ್ಲಿ ಎದುರಾಳಿಯ ಬಲ ವಿಂಗರ್‌ಗೆ ಕಾರಿಡಾರ್ ತೆರೆದೇ ಇರುತ್ತದೆ.

ಆದ್ದರಿಂದ ನನ್ನ ಮೊದಲ ಸಲಹೆ: ಅವನನ್ನು ಒಂದು ಸಾಲು ಹಿಂದಕ್ಕೆ ಎಳೆಯಿರಿ. ಎಡ ಮಿಡ್‌ಫೀಲ್ಡ್, ವೈಡ್ ಪ್ಲೇಮೇಕರ್, ಸಪೋರ್ಟ್ ಡ್ಯೂಟಿ. ಬಲಗಡೆಯ ಇನ್‌ಸೈಡ್ ಫಾರ್ವರ್ಡ್ ಇದ್ದಲ್ಲೇ, ಮುಂದಿನ ಸಾಲಿನಲ್ಲೇ ಇರಲಿ. ಎರಡೂ ಅಂಚುಗಳು ಕನ್ನಡಿಯ ಬಿಂಬದಂತೆ ಇರಬೇಕೆಂಬ ನಿಯಮ ಎಲ್ಲೂ ಇಲ್ಲ. ಓರೆಯಾದ ವ್ಯೂಹವನ್ನು ಕಂಡರೆ ಅನೇಕರು ಹಿಂಜರಿಯುತ್ತಾರೆ; ನನಗಂತೂ ಈ ಪಾತ್ರಕ್ಕೆ ಅದಕ್ಕಿಂತ ಸಹಜವಾದದ್ದು ಇನ್ನೊಂದು ಕಾಣುವುದಿಲ್ಲ. ಹಿಂದಿನ ಸಾಲಿನಿಂದ ಹೊರಡುವ ಪ್ಲೇಮೇಕರ್‌ಗೆ ಇನ್ನೊಂದು ಲಾಭವೂ ಇದೆ. ಅವನು ಎದುರಾಳಿಯ ರೈಟ್‌ಬ್ಯಾಕ್‌ನ ಕೈಗೆಟುಕದಷ್ಟು ದೂರದಲ್ಲಿ, ಮೈದಾನದತ್ತ ಮುಖಮಾಡಿ ಚೆಂಡು ಪಡೆಯುತ್ತಾನೆ. ಮುಂದಿನ ಸಾಲಿನಲ್ಲಿದ್ದಾಗ ಬೆನ್ನಿಗೆ ಡಿಫೆಂಡರ್‌ನನ್ನು ಅಂಟಿಸಿಕೊಂಡು ಪಡೆಯುತ್ತಿದ್ದ. ವೇಗ 10 ಇರುವವನಿಗೆ ಈ ಎರಡರ ನಡುವಿನ ಅಂತರ ಬಹಳ ದೊಡ್ಡದು.

ಅಟ್ಯಾಕ್ ಡ್ಯೂಟಿ ಕೊಡಬಾರದೇ ಎಂದು ನೀವು ಕೇಳಬಹುದು. ಅಟ್ಯಾಕ್ ಡ್ಯೂಟಿಯಲ್ಲಿ ಅವನು ಬೇಗನೆ ಮುಂದೆ ಹೋಗಿ, ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಒಳಗೆ ನುಗ್ಗಲು ನೋಡುತ್ತಾನೆ. ಡ್ರಿಬ್ಲಿಂಗ್, ಚುರುಕು, ಸಮತೋಲನ ಎಲ್ಲವೂ ಚೆನ್ನಾಗಿರುವವನಿಗೆ ಅದು ಸರಿ. ನಿಮ್ಮವನ ಬಲ ಇರುವುದು ನೋಟದಲ್ಲಿ ಮತ್ತು ಪಾಸ್‌ನಲ್ಲಿ. ಆಟ ತನ್ನ ಎದುರಿಗೇ ನಡೆಯುವಷ್ಟು ಹಿಂದೆ ಅವನು ಇರಬೇಕು.

ಇನ್ನು ಎಡ ಫುಲ್‌ಬ್ಯಾಕ್. ಇಡೀ ಏರ್ಪಾಡಿನಲ್ಲಿ ಪ್ಲೇಮೇಕರ್‌ಗಿಂತಲೂ ಹೆಚ್ಚು ಎಚ್ಚರದಿಂದ ಆರಿಸಬೇಕಾದ ಆಟಗಾರ ಇವನು ಎಂದು ನಾನು ನಂಬುತ್ತೇನೆ. ಇನ್ವರ್ಟೆಡ್ ವಿಂಗ್‌ಬ್ಯಾಕ್ ಪಾತ್ರವನ್ನು ಬಿಟ್ಟುಬಿಡಿ. ವಿಂಗ್‌ಬ್ಯಾಕ್, ಅಟ್ಯಾಕ್ ಡ್ಯೂಟಿ ಕೊಡಿ. ಅವನಲ್ಲಿ ದಣಿವರಿಯದ ದಮ್ಮು ಬೇಕು, ವೇಗ ಬೇಕು, ವರ್ಕ್ ರೇಟ್ ಬೇಕು. ಕ್ರಾಸಿಂಗ್ ತುಂಬಾ ಚೆನ್ನಾಗಿರಲೇಬೇಕೆಂದಿಲ್ಲ, ಸಾಧಾರಣವಾಗಿದ್ದರೂ ನಡೆಯುತ್ತದೆ. ಅವನು ಗೆರೆಯುದ್ದಕ್ಕೂ ಏರಿದಾಗಲೇ ಎದುರಾಳಿಯ ರೈಟ್‌ಬ್ಯಾಕ್ ಇಕ್ಕಟ್ಟಿಗೆ ಸಿಲುಕುತ್ತಾನೆ: ಒಳಗೆ ಹೋದ ಪ್ಲೇಮೇಕರ್‌ನ ಬೆನ್ನು ಹಿಡಿದರೆ ಹೊರಗೆ ದಾರಿ ತೆರೆಯುತ್ತದೆ, ಹೊರಗಿನವನನ್ನು ಹಿಡಿದರೆ ಪ್ಲೇಮೇಕರ್ ತಿರುಗಿ ನಿಂತು ತಲೆ ಎತ್ತಿ ನೋಡುತ್ತಾನೆ. ಫುಲ್‌ಬ್ಯಾಕ್‌ಗೆ ಚೆಂಡು ಸಿಗದಿದ್ದರೂ ಅವನ ಓಟ ವ್ಯರ್ಥವಲ್ಲ, ಅದು ಒಬ್ಬ ಡಿಫೆಂಡರ್‌ನನ್ನು ಎಳೆದುಕೊಂಡು ಹೋಗಿರುತ್ತದೆ. ಅವನ ಏರಿಕೆ ತಡವಾಗುತ್ತಿದೆ ಎನಿಸಿದರೆ ತಂಡದ ಸೂಚನೆಗಳಲ್ಲಿ ಎಡಗಡೆಯ ಓವರ್‌ಲ್ಯಾಪ್ ಆನ್ ಮಾಡಿ. ಫುಲ್‌ಬ್ಯಾಕ್ ಇನ್ನಷ್ಟು ಧೈರ್ಯದಿಂದ ಏರುತ್ತಾನೆ, ಮುಂದಿರುವವನು ಅವನಿಗಾಗಿ ಚೆಂಡನ್ನು ಹಿಡಿದು ಕಾಯುತ್ತಾನೆ. ಅಂಡರ್‌ಲ್ಯಾಪ್ ಸೂಚನೆಯನ್ನು ಮಾತ್ರ ಮುಟ್ಟಬೇಡಿ. ಪ್ಲೇಮೇಕರ್ ಬರಬೇಕಾದ ಜಾಗಕ್ಕೇ ಫುಲ್‌ಬ್ಯಾಕ್‌ನನ್ನು ಅದು ತಳ್ಳುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ, ಮತ್ತು ಪಂದ್ಯಕ್ಕೆ ಮುಂಚೆ ಅದನ್ನು ನೋಡಿಕೊಳ್ಳುವವರು ಕಡಿಮೆ. ರೈಟ್‌ಬ್ಯಾಕ್ ನಿಮ್ಮ ಪ್ಲೇಮೇಕರ್‌ನ ಹಿಂದೆ ಒಳಗೆ ಹೋದಾಗ ನಿಮ್ಮ ಫುಲ್‌ಬ್ಯಾಕ್‌ನನ್ನು ಹಿಂಬಾಲಿಸುವ ಹೊಣೆ ಬೀಳುವುದು ಎದುರಾಳಿಯ ಬಲ ವಿಂಗರ್ ಮೇಲೆ. ಆದ್ದರಿಂದ ನಾನು ಎದುರಾಳಿಯ ವರದಿಯಲ್ಲಿ ಡಿಫೆಂಡರ್‌ಗಳಿಗಿಂತ ಮೊದಲು ಆ ವಿಂಗರ್‌ನ ವರ್ಕ್ ರೇಟ್ ಮತ್ತು ಟೀಮ್‌ವರ್ಕ್ ನೋಡುತ್ತೇನೆ. ಎರಡೂ ಕಡಿಮೆ ಇದ್ದರೆ ಆ ದಿನ ಎಡಗಡೆಯಿಂದಲೇ ಆಡಿ ಎಂಬ ಸೂಚನೆ ಕೊಟ್ಟುಬಿಡುತ್ತೇನೆ. ಎರಡೂ ಹೆಚ್ಚಿದ್ದರೆ ಫುಲ್‌ಬ್ಯಾಕ್ ಸುಲಭವಾಗಿ ಬಿಡಿಸಿಕೊಳ್ಳಲಾರ. ಅಂಥ ಪಂದ್ಯದಲ್ಲಿ ಪ್ಲೇಮೇಕರ್ ಎದುರು ಅಂಚಿಗೆ ಚೆಂಡು ದಾಟಿಸುವುದನ್ನೇ ನಂಬಬೇಕಾಗುತ್ತದೆ.

ಮುಂದೆ ಓಡುವವರ ವಿಷಯ. ನಿಮ್ಮ ಫಾಲ್ಸ್ ನೈನ್ ನಿಜಕ್ಕೂ ಒಳ್ಳೆಯ ಆಟಗಾರನಾಗಿದ್ದರೆ ಅವನನ್ನು ಉಳಿಸಿಕೊಳ್ಳಬಹುದು, ಆದರೆ ಅವನು ಇಳಿದು ಬಂದ ಜಾಗಕ್ಕೆ ಯಾರಾದರೂ ನುಗ್ಗಲೇಬೇಕು. ನಡುವಿನ ಅಡ್ವಾನ್ಸ್ಡ್ ಪ್ಲೇಮೇಕರ್ ಬದಲು ಅಲ್ಲಿ ಶ್ಯಾಡೋ ಸ್ಟ್ರೈಕರ್ (ಹಿಂದಿನಿಂದ ಗೋಲಿನತ್ತ ನುಗ್ಗುವವನು) ಹಾಕಿ. ನಡುವಿನ ಆ ಆಟಗಾರನಿಗೆ ಓಟದ ಗುಣ ಇಲ್ಲ, ಅವನೂ ಕಾಲಿಗೆ ಚೆಂಡು ಬೇಡುವವನೇ ಎಂದಾದರೆ ಬೇರೆ ದಾರಿ ಹಿಡಿಯಿರಿ: ಫಾಲ್ಸ್ ನೈನ್ ತೆಗೆದು ಅಡ್ವಾನ್ಸ್ಡ್ ಫಾರ್ವರ್ಡ್ ಅಥವಾ ಅಟ್ಯಾಕ್ ಡ್ಯೂಟಿಯ ಪ್ರೆಸ್ಸಿಂಗ್ ಫಾರ್ವರ್ಡ್ ತನ್ನಿ, ನಡುವಿನವನಿಗೆ ಪ್ಲೇಮೇಕರ್ ಹಣೆಪಟ್ಟಿ ಇಲ್ಲದ ಸಾಧಾರಣ ಅಟ್ಯಾಕಿಂಗ್ ಮಿಡ್‌ಫೀಲ್ಡರ್ ಪಾತ್ರ ಕೊಡಿ. ನನ್ನ ಒಲವು ಎರಡನೆಯ ದಾರಿಯ ಕಡೆಗೇ ಇದೆ. ಡಿಫೆಂಡರ್‌ಗಳ ಭುಜದ ಮೇಲೆ ಸದಾ ನಿಂತಿರುವ ಒಬ್ಬ ಸ್ಟ್ರೈಕರ್ ಇಡೀ ಹಿಂಬದಿಯ ಸಾಲನ್ನು ಹಿಂದಕ್ಕೆ ತಳ್ಳುತ್ತಾನೆ. ಆಗ ಅವರ ಮಿಡ್‌ಫೀಲ್ಡ್‌ಗೂ ಡಿಫೆನ್ಸ್‌ಗೂ ನಡುವೆ ತೆರೆಯುವ ಪಟ್ಟಿಯಲ್ಲೇ ನಿಮ್ಮ ಪ್ಲೇಮೇಕರ್ ಬದುಕಬೇಕಾದದ್ದು.

ಹಣೆಪಟ್ಟಿಯ ಮಾತು ಬಂತಲ್ಲ, ಅದನ್ನು ಬಿಡಿಸಿ ಹೇಳುತ್ತೇನೆ. ಈ ಆಟದಲ್ಲಿ ಪ್ಲೇಮೇಕರ್ ಎಂಬ ಹೆಸರಿರುವ ಪಾತ್ರಕ್ಕೆ ಒಂದು ಸೆಳೆತವಿದೆ: ಸಹ ಆಟಗಾರರು ಚೆಂಡು ಸಿಕ್ಕಾಗ ಅವನನ್ನೇ ಹುಡುಕುತ್ತಾರೆ. ಒಬ್ಬನೇ ಇದ್ದರೆ ಇದು ವರ. ಮೂವರಿದ್ದರೆ ಚೆಂಡು ಒಬ್ಬ ಪ್ಲೇಮೇಕರ್‌ನಿಂದ ಇನ್ನೊಬ್ಬನಿಗೆ, ಅವನಿಂದ ಮೂರನೆಯವನಿಗೆ, ಮತ್ತೆ ಮೊದಲಿನವನಿಗೆ ಸುತ್ತುತ್ತಾ ಇರುತ್ತದೆ. ನಿಮ್ಮ ತಂಡದ ಬಳಿ ಚೆಂಡು ಸದಾ ಇದ್ದೂ ಗೋಲು ಬಾರದಿರುವುದಕ್ಕೆ ಈ ಸುತ್ತಾಟವೂ ಕಾರಣ. ಡೀಪ್ ಲೈಯಿಂಗ್ ಪ್ಲೇಮೇಕರ್‌ನನ್ನು ಬಿಡಲು ಮನಸ್ಸಿಲ್ಲದಿದ್ದರೆ ಕನಿಷ್ಠ ಅವನನ್ನು ಬಲಗಡೆಗೆ ಸರಿಸಿ, ಡಿಫೆಂಡ್ ಡ್ಯೂಟಿ ಕೊಡಿ. ಇಬ್ಬರು ಪ್ಲೇಮೇಕರ್‌ಗಳು ಮೈದಾನದಲ್ಲಿ ಓರೆಯಾಗಿ ದೂರ ದೂರ ಇದ್ದಾಗ ಒಬ್ಬನ ಪಾಸ್ ಇನ್ನೊಬ್ಬನನ್ನು ತಲುಪುವಷ್ಟರಲ್ಲಿ ಎದುರಾಳಿಯ ಸಾಲು ಪಕ್ಕಕ್ಕೆ ಸರಿಯಲೇಬೇಕಾಗುತ್ತದೆ. ಹತ್ತಿರ ಹತ್ತಿರ ಇದ್ದರೆ ಅವರ ಮಿಡ್‌ಫೀಲ್ಡರ್ ಒಬ್ಬನೇ ಇಬ್ಬರನ್ನೂ ನೋಡಿಕೊಳ್ಳುತ್ತಾನೆ.

ಎಡ ಮಿಡ್‌ಫೀಲ್ಡ್‌ನ ಒಳಬದಿಯಲ್ಲಿ, ಅಂದರೆ ಪ್ಲೇಮೇಕರ್‌ನ ಹಿಂದೆ, ಇರಬೇಕಾದವನು ಕಾವಲುಗಾರ. ಡಿಫೆಂಡ್ ಡ್ಯೂಟಿಯ ಸೆಂಟ್ರಲ್ ಮಿಡ್‌ಫೀಲ್ಡರ್ ಸಾಕು. ಕ್ಯಾರಿಲೆರೊ ಪಾತ್ರಕ್ಕೆ ಒಪ್ಪುವ ಆಟಗಾರ ಇದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಅಂಚಿನ ಕಡೆಗೆ ಜಾರಿ ಬಯಲನ್ನು ಮುಚ್ಚುವುದೇ ಆ ಪಾತ್ರದ ಕೆಲಸ. ನಿಮ್ಮ ಬಾಲ್ ವಿನ್ನಿಂಗ್ ಮಿಡ್‌ಫೀಲ್ಡರ್‌ನನ್ನು ಅದೇ ಪಾತ್ರದಲ್ಲಿ ಇಲ್ಲಿಗೆ ತರಬೇಡಿ. ಅವನು ಚೆಂಡನ್ನು ಬೆನ್ನಟ್ಟಿ ಜಾಗ ಬಿಡುತ್ತಾನೆ, ಈ ಜಾಗ ಬಿಟ್ಟರೆ ಹಿಂದೆ ಯಾರೂ ಇಲ್ಲ. ಮೆಝಾಲಾ ಕೂಡ ಬೇಡ. ಹಾಫ್ ಸ್ಪೇಸ್‌ಗೆ, ಅಂದರೆ ಅಂಚಿಗೂ ನಡುವಿಗೂ ಮಧ್ಯದ ಪಟ್ಟಿಗೆ, ನುಗ್ಗುವುದೇ ಅವನ ಸ್ವಭಾವ. ನಿಮ್ಮ ಪ್ಲೇಮೇಕರ್ ಬಂದು ನಿಲ್ಲುವ ಜಾಗವೂ ಅದೇ. ಆಸೆಯಾದರೆ ಬಲಗಡೆ ಹಾಕಿ ನೋಡಿ, ಆದರೆ ಆಗ ಡೀಪ್ ಲೈಯಿಂಗ್ ಪ್ಲೇಮೇಕರ್‌ಗೆ ಜಾಗ ಉಳಿಯುವುದಿಲ್ಲ.

ನಿಮ್ಮ ರೈಟ್‌ಬ್ಯಾಕ್ ಹೆಚ್ಚು ಏರಬಾರದು. ಎಡಗಡೆಯವನು ಹೋದಾಗ ಇಬ್ಬರು ಸೆಂಟರ್‌ಬ್ಯಾಕ್‌ಗಳು, ರೈಟ್‌ಬ್ಯಾಕ್ ಮತ್ತು ಆ ಕಾವಲು ಮಿಡ್‌ಫೀಲ್ಡರ್, ಹೀಗೆ ನಾಲ್ವರು ಚೆಂಡಿನ ಹಿಂದೆ ಇರಲಿ. ಸಪೋರ್ಟ್ ಡ್ಯೂಟಿಯ ಫುಲ್‌ಬ್ಯಾಕ್ ಇದಕ್ಕೆ ಸಾಕು.

ಗುಣಾಂಕಗಳಿಗೆ ಈಗ ಬರೋಣ. ವಿಷನ್, ಪಾಸಿಂಗ್, ಫ್ಲೇರ್ ಎಂದು ನೀವು ಹೆಮ್ಮೆಯಿಂದ ಮೂರು ಸಂಖ್ಯೆ ಕೊಟ್ಟಿದ್ದೀರಿ. ನಾನು ಮೊದಲು ನೋಡುವುದು ಡಿಸಿಷನ್ಸ್. ವಿಷನ್ ಎಂದರೆ ದಾರಿ ಕಾಣುವುದು, ಪಾಸಿಂಗ್ ಎಂದರೆ ಆ ದಾರಿಯಲ್ಲಿ ಚೆಂಡನ್ನು ಗುರಿತಪ್ಪದೆ ಕಳಿಸುವುದು, ಟೆಕ್ನಿಕ್ ಎಂದರೆ ಕಷ್ಟದ ಪಾಸ್ ಅನ್ನು ಕೂಡ ನಾಜೂಕಾಗಿ ಕಳಿಸುವುದು. ಆದರೆ ಈಗ ಕಳಿಸಬೇಕೋ, ಒಂದು ಕ್ಷಣ ತಡೆಯಬೇಕೋ ಎಂಬುದನ್ನು ತೀರ್ಮಾನಿಸುವುದು ಡಿಸಿಷನ್ಸ್. ಫ್ಲೇರ್ 16 ಇದ್ದು ಡಿಸಿಷನ್ಸ್ 9 ಇರುವ ಆಟಗಾರ ಮೈದಾನದ ನಡುವೆ ಚೆಂಡು ಕಳೆದುಕೊಳ್ಳುತ್ತಲೇ ಇರುತ್ತಾನೆ, ಮತ್ತು ಅವನು ಕಳೆದುಕೊಳ್ಳುವುದು ನಿಮ್ಮ ಫುಲ್‌ಬ್ಯಾಕ್ ಮುಂದಕ್ಕೆ ಏರಿರುವ ಹೊತ್ತಿನಲ್ಲೇ. ಅನಂತರ ಫಸ್ಟ್ ಟಚ್ (ಚೆಂಡನ್ನು ಮೊದಲು ಹಿಡಿತಕ್ಕೆ ತರುವುದು) ಮತ್ತು ಕಂಪೋಷರ್ (ಒತ್ತಡದಲ್ಲೂ ಶಾಂತವಾಗಿರುವುದು). ಎದುರಾಳಿಗಳ ಗುಂಪಿನ ನಡುವೆ ಚೆಂಡು ಪಡೆಯುವವನಿಗೆ ಇವೆರಡೂ ಇಲ್ಲದಿದ್ದರೆ ತಲೆ ಎತ್ತಿ ನೋಡುವ ಅವಕಾಶವೇ ಸಿಗುವುದಿಲ್ಲ. ಆಫ್ ದ ಬಾಲ್ ಗುಣವನ್ನು, ಅಂದರೆ ಚೆಂಡು ಕಾಲಲ್ಲಿ ಇಲ್ಲದಾಗಿನ ಚಲನೆಯನ್ನು, ಬಹಳ ಜನ ಸ್ಟ್ರೈಕರ್‌ಗಳಿಗೆ ಮೀಸಲೆಂದು ತಿಳಿಯುತ್ತಾರೆ. ಅಂಚಿನಿಂದ ಹೊರಟು ಯಾವ ಬಿರುಕಿನಲ್ಲಿ ನಿಂತರೆ ಚೆಂಡು ಸಿಕ್ಕೀತು ಎಂದು ಹುಡುಕುವವನಿಗೂ ಅದು ಅಷ್ಟೇ ಮುಖ್ಯ. ಎಡ ಮಿಡ್‌ಫೀಲ್ಡ್‌ಗೆ ಇಳಿಸಿದ ಮೇಲೆ ವರ್ಕ್ ರೇಟ್ ಮತ್ತು ಟೀಮ್‌ವರ್ಕ್ ಕೂಡ ಸಾಧಾರಣ ಮಟ್ಟಕ್ಕಿಂತ ಕೆಳಗಿರಬಾರದು; ರಕ್ಷಣೆಗೆ ಮರಳುವ ಮನಸ್ಸಿಲ್ಲದವನನ್ನು ಅಲ್ಲಿ ನಿಲ್ಲಿಸಿ ಪ್ರಯೋಜನವಿಲ್ಲ. ಈ ಸಂಖ್ಯೆಗಳನ್ನು ನಿಮ್ಮ ಲೀಗ್‌ನ ಮಟ್ಟದ ಜೊತೆಗೆ ತೂಗಿ ನೋಡಬೇಕು ಎಂಬುದು ನಿಮಗೆ ಗೊತ್ತೇ ಇದೆ: ಕೆಳಗಿನ ವಿಭಾಗದಲ್ಲಿ 13 ಎಂದರೆ ದೊಡ್ಡದು.

ವೇಗ 10 ಎಂದು ಚಿಂತಿಸಬೇಡಿ. 2014-15ರ ಋತುವಿನ ಕೊನೆಯ ತಿಂಗಳುಗಳಲ್ಲಿ ಲೂಯಿ ವಾನ್ ಹಾಲ್ ಅವರ ಮ್ಯಾಂಚೆಸ್ಟರ್ ಯುನೈಟೆಡ್ ತಂಡದಲ್ಲಿ ಹುವಾನ್ ಮಾಟಾ ಬಲ ಅಂಚಿನಲ್ಲಿ ಆಡಿದ್ದನ್ನು ನೋಡಿದವರಿಗೆ ವೇಗದ ಪ್ರಶ್ನೆ ಬರುವುದಿಲ್ಲ. ಮಾಟಾ ಎಡಗಾಲಿನವನು, ಓಟದಲ್ಲಿ ಯಾರನ್ನೂ ಹಿಂದೆ ಹಾಕುವವನಲ್ಲ. ಅವನು ಒಳಗೆ ಸರಿದಾಗ ಮಿಡ್‌ಫೀಲ್ಡರ್ ಆಂಡರ್ ಹೆರೆರಾ ಮತ್ತು ರೈಟ್‌ಬ್ಯಾಕ್ ಆಂಟೋನಿಯೊ ವಲೆನ್ಸಿಯಾ ಆ ಬದಿಯನ್ನು ತುಂಬುತ್ತಿದ್ದರು. 2015ರ ಮಾರ್ಚ್‌ನಲ್ಲಿ ಆನ್‌ಫೀಲ್ಡ್‌ನಲ್ಲಿ ಲಿವರ್‌ಪೂಲ್ ವಿರುದ್ಧ 2-1ರಿಂದ ಗೆದ್ದಾಗ ಎರಡೂ ಗೋಲು ಮಾಟಾನದೇ. ಮೊದಲನೆಯದು ಹೆರೆರಾ ಕೊಟ್ಟ ಪಾಸ್‌ನಿಂದ ಬಂದದ್ದು. ಓಡುವ ಕೆಲಸವನ್ನು ಸುತ್ತಲಿನವರು ಹೊತ್ತುಕೊಂಡರೆ ನಿಧಾನದ ಆಟಗಾರ ಅಂಚಿನಲ್ಲಿ ಹೀಗೆ ಅರಳುತ್ತಾನೆ.

ಕಾಲಿನ ವಿಷಯದಲ್ಲಿ ನಿಮ್ಮ ಆಯ್ಕೆ ಸರಿಯಾಗಿಯೇ ಇದೆ. ಎಡ ಅಂಚಿನಿಂದ ಒಳಗೆ ಬರುವ ಬಲಗಾಲಿನವನಿಗೆ ಇಡೀ ಮೈದಾನ ತೆರೆದುಕೊಳ್ಳುತ್ತದೆ. ಕೀವ್‌ನ ಆ ಫೈನಲ್‌ನಲ್ಲೂ ಹಾಗೆಯೇ: ಬಲಗಾಲಿನ ಇನಿಯೆಸ್ತಾ ಎಡಕ್ಕೆ, ಎಡಗಾಲಿನ ಸಿಲ್ವಾ ಬಲಕ್ಕೆ. ಈ ಕೋನದಿಂದ ಅವನು ಕೊಡಬಲ್ಲ ಅತ್ಯಂತ ಮಾರಕ ಪಾಸ್ ಎಂದರೆ ದೂರದ ಬದಿಯಿಂದ ಡಿಫೆಂಡರ್‌ಗಳ ಬೆನ್ನ ಹಿಂದೆ ಓಡುವವನಿಗೆ ಓರೆಯಾಗಿ ಕಳಿಸುವುದು. ಎಲ್ಲರ ಕಣ್ಣೂ ಎಡಗಡೆಯ ಚೆಂಡಿನ ಮೇಲಿರುವಾಗ ನಿಮ್ಮ ಬಲಗಡೆಯ ಇನ್‌ಸೈಡ್ ಫಾರ್ವರ್ಡ್ ಎದುರಾಳಿಯ ಲೆಫ್ಟ್‌ಬ್ಯಾಕ್‌ನ ಹಿಂದೆ ನುಸುಳುತ್ತಾನೆ. ಅವನಿಗೆ ಅಟ್ಯಾಕ್ ಡ್ಯೂಟಿಯೇ ಇರಬೇಕು. ಇದರಲ್ಲಿ ರಾಜಿ ಬೇಡ.

ಆಟಗಾರನ ಸ್ವಭಾವದ ಲಕ್ಷಣಗಳನ್ನೂ ಒಮ್ಮೆ ತೆರೆದು ನೋಡಿ. ಮಾರಕ ಪಾಸ್‌ಗಳಿಗೆ ಆಗಾಗ ಯತ್ನಿಸುವುದು, ಕೊಟ್ಟು ಪಡೆಯುವ ಆಟ ಆಡುವುದು, ಎದುರು ಅಂಚಿಗೆ ಚೆಂಡು ದಾಟಿಸಲು ಇಷ್ಟಪಡುವುದು, ಇವೆಲ್ಲ ಇದ್ದರೆ ಅದೃಷ್ಟ. ಇಲ್ಲದಿದ್ದರೆ ವೈಯಕ್ತಿಕ ತರಬೇತಿಯಲ್ಲಿ ಒಂದೊಂದಾಗಿ ಕಲಿಸಬಹುದು. ಗೆರೆಗೆ ಅಂಟಿಕೊಂಡು ಆಡುವ ಲಕ್ಷಣ ಇದ್ದರೆ ಬಿಡಿಸಲು ಯತ್ನಿಸಿ, ಪಾತ್ರ ಒಳಕ್ಕೆ ಎಳೆಯುವಾಗ ಅದು ಹೊರಕ್ಕೆ ಎಳೆಯುತ್ತದೆ. ಚೆಂಡಿಗಾಗಿ ಹಿಂದಕ್ಕೆ ಇಳಿದು ಬರುವ ಲಕ್ಷಣ ಮುಂದಿನ ಸಾಲಿನಲ್ಲಿ ಉಪಯುಕ್ತ. ಮಿಡ್‌ಫೀಲ್ಡ್‌ಗೆ ಇಳಿಸಿದ ಮೇಲೆ ಅದು ಅವನನ್ನು ಸೆಂಟರ್‌ಬ್ಯಾಕ್‌ಗಳ ಕಾಲ ಬುಡಕ್ಕೆ ತಂದು ನಿಲ್ಲಿಸುತ್ತದೆ. ಜೊತೆಗೆ ಎಡ ಮಿಡ್‌ಫೀಲ್ಡ್ ಸ್ಥಾನಕ್ಕೂ ವೈಡ್ ಪ್ಲೇಮೇಕರ್ ಪಾತ್ರಕ್ಕೂ ಅವನಿಗೆ ಇಂದಿನಿಂದಲೇ ತರಬೇತಿ ಶುರುಮಾಡಿ. ಅಪರಿಚಿತ ಜಾಗದಲ್ಲಿ ಆಡುವವನು ತನ್ನ ಪೂರ್ಣ ಸಾಮರ್ಥ್ಯ ತೋರಿಸುವುದಿಲ್ಲ, ಜಾಗ ಪಳಗಲು ಕೆಲವು ತಿಂಗಳು ಬೇಕು.

ತಂಡದ ಸೂಚನೆಗಳಲ್ಲಿ ಕೈ ಬಿಗಿಹಿಡಿಯಿರಿ. ವ್ಯೂಹದ ಅಗಲವನ್ನು ಕಿರಿದು ಮಾಡಬೇಡಿ, ಒಳಗೆ ಬರುವವರು ಈಗಾಗಲೇ ಸಾಕಷ್ಟು ಇದ್ದಾರೆ. ಚೆಂಡನ್ನು ಬಾಕ್ಸ್ ಒಳಗೆ ಕೊಂಡೊಯ್ಯಿರಿ ಎಂಬ ಸೂಚನೆ ಈಗ ಆನ್ ಇದ್ದರೆ ಕೆಲವು ಪಂದ್ಯಗಳ ಮಟ್ಟಿಗೆ ತೆಗೆದು ನೋಡಿ. ಓಡುವವರೇ ಇಲ್ಲದ ತಂಡದಲ್ಲಿ ಅದು ಸುತ್ತಾಟವನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಬಲಿಷ್ಠ ಎದುರಾಳಿಗಳು ನಿಮ್ಮ ಹುಡುಗನನ್ನು ಬೇಗನೆ ಗುರುತಿಸುತ್ತಾರೆ. ಯಾರಾದರೊಬ್ಬರು ಅವನ ನೆರಳಿನಂತೆ ಅಂಟಿಕೊಂಡರೆ ಮೊದಲ ಹತ್ತು ನಿಮಿಷ ಏನೂ ಮಾಡಬೇಡಿ, ಆ ನೆರಳು ಯಾರೆಂದು ನೋಡಿ. ರೈಟ್‌ಬ್ಯಾಕ್ ಆಗಿದ್ದರೆ ಸಂತೋಷಪಡಿ, ಹೊರಗಿನ ದಾರಿ ತೆರೆದಿದೆ, ಫುಲ್‌ಬ್ಯಾಕ್ ಕಡೆಗೆ ಚೆಂಡು ಹೋಗಲಿ. ಮಿಡ್‌ಫೀಲ್ಡರ್ ಆಗಿದ್ದರೆ ನಡುವೆ ಒಬ್ಬ ಬಿಡುವಾಗಿದ್ದಾನೆ ಎಂದರ್ಥ. ಆಗ ನಡುವಿನ ಅಟ್ಯಾಕಿಂಗ್ ಮಿಡ್‌ಫೀಲ್ಡರ್‌ಗೆ ಅಟ್ಯಾಕ್ ಡ್ಯೂಟಿ ಕೊಡಿ. ಎರಡೂ ಫಲಿಸದಿದ್ದರೆ ಎರಡು ಅಂಚಿನವರನ್ನು ಸ್ವಲ್ಪ ಹೊತ್ತು ಅದಲುಬದಲು ಮಾಡಿ.

ಬದಲಾವಣೆ ಮಾಡಿದ ಮೇಲೆ ಎರಡು ಪಂದ್ಯಗಳನ್ನಾದರೂ ಪೂರ್ತಿಯಾಗಿ ನೋಡಿ. ಮುಖ್ಯಾಂಶಗಳಲ್ಲಿ ಗೋಲಿನ ಹತ್ತಿರದ ಆಟ ಮಾತ್ರ ಕಾಣುತ್ತದೆ, ನಿಮ್ಮ ತೊಂದರೆ ಹುಟ್ಟುವುದು ಅದಕ್ಕಿಂತ ಮೂರು ಪಾಸ್ ಹಿಂದೆ. ಸರಾಸರಿ ಸ್ಥಾನಗಳ ಚಿತ್ರವನ್ನು ಚೆಂಡು ಇದ್ದಾಗ ಒಮ್ಮೆ, ಇಲ್ಲದಾಗ ಒಮ್ಮೆ ತೆರೆಯಿರಿ. ಚೆಂಡು ಇದ್ದಾಗ ಲೆಫ್ಟ್‌ಬ್ಯಾಕ್‌ನ ಚುಕ್ಕಿ ಪ್ಲೇಮೇಕರ್‌ನ ಚುಕ್ಕಿಗೆ ಹೆಚ್ಚುಕಡಿಮೆ ಸಮನಾಗಿ, ಆದರೆ ಗೆರೆಯ ಕಡೆಗೆ ಇರಬೇಕು. ಇಬ್ಬರ ಚುಕ್ಕಿಗಳೂ ಒಂದರ ಮೇಲೊಂದು ಕೂತಿದ್ದರೆ ಓವರ್‌ಲ್ಯಾಪ್ ಆಗುತ್ತಿಲ್ಲ.

2025ರ ನವೆಂಬರ್‌ನಲ್ಲಿ ಬಂದ ಫುಟ್‌ಬಾಲ್ ಮ್ಯಾನೇಜರ್ 26ಕ್ಕೆ ಮುಂದೆ ಹೋದರೆ ಈ ಕೆಲಸ ಇನ್ನಷ್ಟು ನೇರವಾಗುತ್ತದೆ. ಅಲ್ಲಿ ಚೆಂಡು ಇರುವಾಗಿನ ವ್ಯೂಹವನ್ನೂ ಇಲ್ಲದಾಗಿನ ವ್ಯೂಹವನ್ನೂ ಬೇರೆ ಬೇರೆಯಾಗಿ ಜೋಡಿಸಬಹುದು. ರಕ್ಷಣೆಗೆ ಮಿಡ್‌ಫೀಲ್ಡ್‌ನ ನಾಲ್ವರ ಸಾಲಿನ ಎಡ ತುದಿಯಲ್ಲಿ ನಿಲ್ಲುವವನನ್ನು ಆಕ್ರಮಣದಲ್ಲಿ ಬೇಕಾದಲ್ಲಿಗೆ ಕರೆಸಿಕೊಳ್ಳಬಹುದು. ಆದರೂ ಹೊರಗೆ ಏರುವವನು, ಮುಂದೆ ಓಡುವವನು, ಹಿಂದೆ ಕಾಯುವವನು ಯಾರು ಎಂಬುದನ್ನು ಅಲ್ಲಿಯೂ ನೀವೇ ತೀರ್ಮಾನಿಸಬೇಕು.

ಕೊನೆಯದಾಗಿ ಆ 6.6. ಆಟದ ರೇಟಿಂಗ್ ಗೋಲಿಗೆ ಮತ್ತು ಗೋಲಿಗೆ ಮುಂಚಿನ ಪಾಸ್‌ಗೆ ಧಾರಾಳವಾಗಿ ಅಂಕ ಕೊಡುತ್ತದೆ, ಅದಕ್ಕೂ ಹಿಂದಿನ ಪಾಸ್‌ಗೆ ಅಷ್ಟು ಕೊಡುವುದಿಲ್ಲ. ಹೊಸ ಏರ್ಪಾಡಿನಲ್ಲಿ ನಿಮ್ಮ ಹುಡುಗ ಫುಲ್‌ಬ್ಯಾಕ್‌ಗೆ ದಾರಿ ತೆರೆದುಕೊಡುತ್ತಾನೆ, ಫುಲ್‌ಬ್ಯಾಕ್ ಕ್ರಾಸ್ ಕೊಡುತ್ತಾನೆ, ಸ್ಟ್ರೈಕರ್ ಗೋಲು ಹೊಡೆಯುತ್ತಾನೆ. ಅಂಕಪಟ್ಟಿಯಲ್ಲಿ ಕೊನೆಯ ಇಬ್ಬರ ಹೆಸರು ಮಾತ್ರ ಇರುತ್ತದೆ. ಆದ್ದರಿಂದ ಅವನನ್ನು ಅಳೆಯುವಾಗ ಆಟದ ಅಂಕಿಅಂಶಗಳ ಪುಟವಾದ ಡೇಟಾ ಹಬ್‌ನಲ್ಲಿ ಮುಖ್ಯ ಪಾಸ್‌ಗಳು, ಚೆಂಡನ್ನು ಮುಂದಕ್ಕೆ ಒಯ್ಯುವ ಪಾಸ್‌ಗಳು ಮತ್ತು ಚೆಂಡು ಕಳೆದುಕೊಂಡ ಲೆಕ್ಕ, ಈ ಮೂರನ್ನು ನೋಡಿ. ಜೊತೆಗೆ ಎಡಗಡೆಯಿಂದ ಹುಟ್ಟಿದ ಪ್ರತಿ ಗೋಲನ್ನೂ ಅರ್ಧ ನಿಮಿಷ ಹಿಂದಕ್ಕೆ ತಿರುಗಿಸಿ, ಲೆಫ್ಟ್‌ಬ್ಯಾಕ್ ಓಡಲು ಶುರುಮಾಡಿದ ಕ್ಷಣದಲ್ಲಿ ಚೆಂಡು ಯಾರ ಕಾಲಲ್ಲಿತ್ತು ಎಂದು ನೋಡಿ.